ಜಾವಾ ಮುಂದೋ, ಫಿಯೆಟ್ ಮುಂದೋ?

ನಮ್ಮಂಥ ಊರು ಬಿಟ್ಟ ಕನ್ನಡಿಗರು ನಾಲ್ಕು ಜನ ಕೂಡಿದಲ್ಲಿ, ಊಟದ ಎಲೆ ಎತ್ತಿದ ಮೇಲೆ ಏಳುವ ಮಾತುಗಳಲ್ಲಿ ಗಾಡಿಯ ಮಾತೂ ಒಂದು. ಒಬ್ಬರು ಮೈಸೂರಿನ ಜಾವಾ ಏರಿದವರು. ಇನ್ನೊಬ್ಬರು ಕುರ್ಲಾದ ಫಿಯೆಟ್ ಓಡಿಸಿದವರು. ಮೂರನೆಯವರಿಗೆ ಅಂಬಾಸಿಡರ್ ಬಿಟ್ಟರೆ ಬೇರೆ ಕಾರೇ ಕಾರಲ್ಲ. “ಸಿಗ್ನಲ್ ಬಿಟ್ಟ ಕೂಡಲೇ ನಿಮ್ಮ ಕಾರು ನನ್ನ ಬೈಕಿನ ಹೊಗೆ ಕುಡಿಯಬೇಕಿತ್ತು, ರಾಯರೇ” ಎಂದು ಒಬ್ಬರು ಕೆಣಕಿದರೆ, “ಖಂಡಾಳಾ ಘಾಟಿನಲ್ಲಿ ಮಳೆ ಹಿಡಿದಾಗ ನೀವು ಯಾವ ಮರದಡಿ ನಿಂತಿರುತ್ತಿದ್ದಿರಿ, ಅದನ್ನೂ ಹೇಳಿ” ಎಂದು ಇನ್ನೊಬ್ಬರ ಉತ್ತರ. ಇಬ್ಬರು ಹೇಳುವುದೂ ನಿಜವೇ. ಅದು ಹೇಗೆ ನಿಜ ಎಂಬುದನ್ನು ಸ್ವಲ್ಪ ಚರಿತ್ರೆ, ಸ್ವಲ್ಪ ಲೆಕ್ಕ ಎರಡನ್ನೂ ಹಿಡಿದು ನೋಡೋಣ.

ಈ ಪೈಪೋಟಿ ವಾಹನಗಳಷ್ಟೇ ಹಳೆಯದು. 1906ರಲ್ಲಿ ಅಮೆರಿಕದ ಫ್ಲಾರಿಡಾ ಕಡಲತೀರದ ಮರಳ ಮೇಲೆ ಸ್ಟ್ಯಾನ್ಲಿ ಕಂಪನಿಯ ಉಗಿ ಕಾರೊಂದು ಗಂಟೆಗೆ 127 ಮೈಲಿಯ ವೇಗ ಮುಟ್ಟಿತು. ಮರುವರ್ಷವೇ ಗ್ಲೆನ್ ಕರ್ಟಿಸ್ ಎಂಬಾತ ತಾನೇ ಕಟ್ಟಿದ ಎಂಟು ಸಿಲಿಂಡರಿನ ಮೋಟಾರು ಬೈಕಿನ ಮೇಲೆ ಅದೇ ತೀರದಲ್ಲಿ 136 ಮೈಲಿ ವೇಗದಲ್ಲಿ ಓಡಿದ. ಗಾಡಿ ಮುರಿದು ಮರು ಓಟ ಸಾಧ್ಯವಾಗದೆ ಅದು ಅಧಿಕೃತ ದಾಖಲೆಯಾಗಲಿಲ್ಲವಾದರೂ, ಆ ದಿನ ನೆಲದ ಮೇಲೆ ಅವನಷ್ಟು ವೇಗವಾಗಿ ಓಡಿದ ಕಾರು ಯಾವುದೂ ಇರಲಿಲ್ಲ. ಮುಂದೆ 1948ರಲ್ಲಿ ಇಂಗ್ಲೆಂಡಿನಲ್ಲಿ ಎರಡು ಪ್ರಸಿದ್ಧ ಗಾಡಿಗಳು ಒಂದೇ ವರ್ಷ ಹೊರಬಂದವು. ಜಾಗ್ವಾರ್ ಎಕ್ಸ್‌ಕೆ 120 ಕಾರಿನ ಹೆಸರಿನಲ್ಲಿರುವ 120 ಅದರ ವೇಗದ ಮೈಲಿಗಳ ಸಂಖ್ಯೆ. ವಿನ್ಸೆಂಟ್ ಬ್ಲ್ಯಾಕ್ ಶ್ಯಾಡೋ ಮೋಟಾರು ಬೈಕಿನ ತಯಾರಕರು ಹೇಳಿಕೊಂಡದ್ದು 125 ಮೈಲಿ. ರಸ್ತೆಯ ಮೇಲೆ ಓಡುವ ಗಾಡಿಗಳ ಮಟ್ಟಿಗೆ ಇಬ್ಬರೂ ಸರಿಸಮ ಎನ್ನಬೇಕು.

ನಮ್ಮ ದೇಶದ ಕಥೆ ಬೇರೆ. ಇಲ್ಲಿ ವಾಹನ ತಯಾರಿಸುವ ಯೋಜನೆಯಿಲ್ಲದೆ ಬರೀ ಬಿಡಿಭಾಗ ತರಿಸಿ ಜೋಡಿಸುತ್ತಿದ್ದ ವಿದೇಶಿ ಕಂಪನಿಗಳು 1953ರ ಸುಮಾರಿಗೆ ಗಂಟುಮೂಟೆ ಕಟ್ಟಿದವು. ಉಳಿದದ್ದು ಕೈಬೆರಳಲ್ಲಿ ಎಣಿಸುವಷ್ಟು ಕಾರ್ಖಾನೆಗಳು. ವಿಚಿತ್ರವೆಂದರೆ ಅವುಗಳಲ್ಲಿ ಹಲವು ನಾವು ಹೊಟ್ಟೆಪಾಡಿಗೆ ಹೋಗಿ ನೆಲೆಸಿದ ಊರುಗಳಲ್ಲೇ ಇದ್ದವು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯ ಫಿಯೆಟ್. ಅದೇ 1970ರ ದಶಕದಲ್ಲಿ ಪದ್ಮಿನಿಯಾಯಿತು. ಮದರಾಸಿನ ತಿರುವೊತ್ತಿಯೂರಿನಲ್ಲಿ ಎನ್‌ಫೀಲ್ಡ್ ಬುಲೆಟ್. ಪುಣೆಯ ಆಕುರ್ಡಿಯಲ್ಲಿ ಬಜಾಜ್ ಸ್ಕೂಟರು. ದೆಹಲಿಯ ಮಗ್ಗುಲಿನ ಫರೀದಾಬಾದಿನಲ್ಲಿ ರಾಜದೂತ್. ಅಂಬಾಸಿಡರ್ ಮಾತ್ರ ದೂರದ ಬಂಗಾಳದ ಉತ್ತರಪಾಡಾದಿಂದ ಬರುತ್ತಿತ್ತು. ಇನ್ನು ನಮ್ಮ ತವರಿನದು ಜಾವಾ. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರು 1961ರಲ್ಲಿ ಉದ್ಘಾಟಿಸಿದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿತ್ತು. ಝೆಕೊಸ್ಲೊವಾಕಿಯಾದ ಗಾಡಿ, ಇರಾನಿ ಮನೆತನದ ಬಂಡವಾಳ, ಮೈಸೂರಿನವರ ಕೈಗೆಲಸ. ಕಿಕ್ಕು ಹೊಡೆದ ಸಲಾಕೆಯನ್ನೇ ಮುಂದಕ್ಕೆ ತಿರುಗಿಸಿದರೆ ಗೇರಾಗುವ ಆ ಯುಕ್ತಿ, ಎರಡು ಸೈಲೆನ್ಸರುಗಳ ಆ ದನಿ ಪರಊರಿನ ಬೀದಿಯಲ್ಲಿ ಕಿವಿಗೆ ಬಿದ್ದರೆ ತಿರುಗಿ ನೋಡದ ಮೈಸೂರಿಗನಿದ್ದನೇ?

ಈಗ ಲೆಕ್ಕಕ್ಕೆ ಬರೋಣ. ಗಾಡಿಯೊಂದು ನಿಂತಲ್ಲಿಂದ ಎಷ್ಟು ಚುರುಕಾಗಿ ನೆಗೆಯುತ್ತದೆ ಎಂಬುದು ಎಂಜಿನ್ ಎಷ್ಟು ದೊಡ್ಡದು ಎಂಬುದರಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಎಂಜಿನ್ನಿನ ಅಶ್ವಶಕ್ತಿಯನ್ನು ಅದು ಎಳೆಯಬೇಕಾದ ತೂಕಕ್ಕೆ ಹಂಚಿ ನೋಡಬೇಕು. 1489 ಸಿಸಿಯ ಅಂಬಾಸಿಡರ್‌ಗೆ ಸುಮಾರು 50 ಅಶ್ವಶಕ್ತಿ, ತೂಕ ಸುಮಾರು 1100 ಕಿಲೋ. 70 ಕಿಲೋದ ಚಾಲಕನೊಬ್ಬನನ್ನು ಸೇರಿಸಿದರೆ ಟನ್ನಿಗೆ 43 ಅಶ್ವಶಕ್ತಿ ಬರುತ್ತದೆ. 40 ಅಶ್ವಶಕ್ತಿಯ, 900 ಕಿಲೋಗೆ ಒಂದಿಷ್ಟು ಕಡಿಮೆಯ ಪದ್ಮಿನಿಗೂ ಹೆಚ್ಚುಕಡಿಮೆ ಅಷ್ಟೇ. ಜಾವಾಕ್ಕೆ ಇದ್ದದ್ದು ಕೇವಲ 12 ಅಶ್ವಶಕ್ತಿ. ಆದರೆ ಅದರ ತೂಕ ಸುಮಾರು 130 ಕಿಲೋ. ಅದೇ 70 ಕಿಲೋದ ಸವಾರನೊಂದಿಗೆ ಟನ್ನಿಗೆ 60! 18 ಅಶ್ವಶಕ್ತಿಯ ಬುಲೆಟ್ಟಿಗೆ ಇನ್ನೂ ಹೆಚ್ಚು, 77ರ ಹತ್ತಿರ. ಸಿಗ್ನಲ್ಲಿನಲ್ಲಿ ಕಾರಿಗೆ ಹೊಗೆ ಕುಡಿಸಿದ ಗುಟ್ಟು ಇಷ್ಟೇ.

ಹಾಗಾದರೆ ಉದ್ದಕ್ಕೂ ಬೈಕೇ ಗೆಲ್ಲಬೇಕಲ್ಲ ಎಂದರೆ, ಅಲ್ಲಿ ಗಾಳಿ ಅಡ್ಡ ಬರುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ನೆಟ್ಟಗೆ ಕುಳಿತ ಸವಾರ, ಬೀಸುವ ಅಂಗಿ, ಕೈಕಾಲು ಎಲ್ಲವೂ ಗಾಳಿಗೆ ತಡೆಯೇ. 1948ರಲ್ಲಿ ರಾಲಿ ಫ್ರೀ ಎಂಬ ಅಮೆರಿಕದ ಸವಾರ ಬಾನವಿಲ್ ಉಪ್ಪಿನ ಬಯಲಿನಲ್ಲಿ ಈಜುಚಡ್ಡಿಯೊಂದನ್ನೇ ಉಟ್ಟು, ವಿನ್ಸೆಂಟ್ ಬೈಕಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ 150 ಮೈಲಿ ವೇಗ ದಾಟಿದ. ಅದು ಹುಚ್ಚಾಟವಲ್ಲ, ಗಾಳಿಯ ಲೆಕ್ಕ. ನಮ್ಮ ರಸ್ತೆಗಳಲ್ಲಿ ಹಾಗೆ ಮಲಗಿ ಆಫೀಸಿಗೆ ಹೋಗುವಂತಿಲ್ಲ! ಹೀಗಾಗಿ ಮೊದಲ ಫರ್ಲಾಂಗಿನಲ್ಲಿ ಹಿಂದೆ ಬಿದ್ದ ಅಂಬಾಸಿಡರ್, ನೇರ ಹೆದ್ದಾರಿ ಸಿಕ್ಕಿದ ಮೇಲೆ ನಿಧಾನವಾಗಿ ಬಂದು ಜಾವಾದ ಪಕ್ಕಕ್ಕೆ ನಿಲ್ಲುತ್ತಿತ್ತು. ಗಂಟೆಗೆ 110ರಿಂದ 120 ಕಿಲೋಮೀಟರಿನ ಆಸುಪಾಸಿನಲ್ಲಿ ಇಬ್ಬರ ಉಸಿರೂ ಕಟ್ಟುತ್ತಿತ್ತು. ಮದರಾಸಿನ ಹತ್ತಿರದ ಶೋಳಾವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ಹಳೆಯ ವಿಮಾನಪಟ್ಟಿಯ ಮೇಲೆ ಕಾರು-ಬೈಕುಗಳ ಪಂದ್ಯ ನೋಡಿದವರಿಗೆ ಈ ಎರಡು ಬಗೆಯ ಓಟದ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟರವರೆಗೆ ನಾವು ಹಾಕಿದ್ದು ಒಂಟಿ ಸವಾರನ ಲೆಕ್ಕ. ನಮ್ಮಲ್ಲಿ ಒಂಟಿಯಾಗಿ ಓಡಾಡಿದವರೆಷ್ಟು ಮಂದಿ? ಮದುವೆಯಾಗುವವರೆಗೆ ಅಷ್ಟೇ. ಆಮೇಲೆ ಹಿಂದೆ ಮನೆಯಾಕೆ, ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಮಗು, ಹ್ಯಾಂಡಲಿಗೆ ತೂಗುಬಿದ್ದ ತರಕಾರಿ ಚೀಲ. ಹೀಗೆ ಒಟ್ಟು 150 ಕಿಲೋ ಹೇರಿದಾಗ ಜಾವಾದ 60 ಥಟ್ಟನೆ 43ಕ್ಕೆ ಇಳಿಯುತ್ತದೆ. ಅದು ಚಾಲಕನೊಬ್ಬನೇ ಕುಳಿತ ಅಂಬಾಸಿಡರ್‌ನ ಲೆಕ್ಕ! ಅದೇ ಮೂವರು, ಅದೇ ಚೀಲ ಅಂಬಾಸಿಡರ್ ಹತ್ತಿದರೆ ಅದರ 43 ಇಳಿಯುವುದು 40ಕ್ಕೆ ಮಾತ್ರ. ಸಂಸಾರ ಹತ್ತಿದ್ದು ಕಾರಿಗೆ ಗೊತ್ತೇ ಆಗುವುದಿಲ್ಲ; ಬೈಕಿಗೆ ಪ್ರತಿ ಏರಿನಲ್ಲೂ, ಪ್ರತಿ ಬ್ರೇಕಿನಲ್ಲೂ ಗೊತ್ತಾಗುತ್ತದೆ. ಅಂಗೈಯಗಲದ ಎರಡು ಜಾಗಗಳಲ್ಲಿ ಮಾತ್ರ ನೆಲ ಮುಟ್ಟುವ ಗಾಡಿ ಒದ್ದೆ ರಸ್ತೆಯಲ್ಲಿ ಜಾರಿದರೆ, ಕೂತವರಿಗೂ ಡಾಂಬರಿಗೂ ನಡುವೆ ತಗಡಿನ ಗೋಡೆಯಿಲ್ಲ. ವೇಗದ ತುಲನೆಯ ಪಟ್ಟಿಗಳಲ್ಲಿ ಈ ಸಾಲು ಕಾಣುವುದು ಅಪರೂಪ. ನಾವೂ ಆಗ ಅದನ್ನು ಸೇರಿಸಿ ಯೋಚಿಸಲಿಲ್ಲ. ಯೋಚಿಸಿದ್ದರೂ ಮಾಡುವುದೇನಿತ್ತು? ಕಾರಿನ ಬೆಲೆ ಕೈಗೆ ಎಟುಕುತ್ತಿರಲಿಲ್ಲ. ಎಟುಕಿದವರೂ ವರ್ಷಗಟ್ಟಲೆ ಸರದಿ ಕಾಯಬೇಕಿತ್ತು.

ಈ ವಾದಕ್ಕೆ ಕಾಲವೇ ತೀರ್ಪು ಕೊಡಲು ಹೊರಟದ್ದು 1983ರಲ್ಲಿ. ಆ ವರ್ಷ ಜಪಾನಿನ ತಂತ್ರಜ್ಞಾನದ ಎರಡು ಗಾಡಿಗಳು ದೆಹಲಿಯ ಆಸುಪಾಸಿನಿಂದಲೇ ಹೊರಬಿದ್ದವು. ಫರೀದಾಬಾದಿನಿಂದ ಯಮಹಾ ಮೂಲದ ರಾಜದೂತ್ 350. ಗುಡಗಾಂವಿನಿಂದ ಡಿಸೆಂಬರಿನಲ್ಲಿ ಸುಝುಕಿ ಮೂಲದ ಮಾರುತಿ 800. ರಾಜದೂತ್‌ಗೆ ಎರಡು ಸಿಲಿಂಡರು, ಆರು ಗೇರು, ಮೊದಲ ಮಾದರಿಯಲ್ಲಿ 30 ಅಶ್ವಶಕ್ತಿಗೂ ಹೆಚ್ಚು. ನಮ್ಮ ಲೆಕ್ಕದಲ್ಲಿ ಟನ್ನಿಗೆ ಸುಮಾರು 135! ಮಾರುತಿಯದು 796 ಸಿಸಿಯ ಪುಟ್ಟ ಎಂಜಿನ್, 40ಕ್ಕೆ ತುಸು ಕಡಿಮೆ ಅಶ್ವಶಕ್ತಿ, ಸುಮಾರು 650 ಕಿಲೋ ತೂಕ. ಟನ್ನಿಗೆ 54ರ ಹತ್ತಿರ. ಓಟಕ್ಕೆ ಬಿಟ್ಟರೆ ಮಾರುತಿ ಆ ಬೈಕಿನ ಬೆನ್ನನ್ನೂ ಕಾಣುತ್ತಿರಲಿಲ್ಲ.

ಆದರೆ ಗೆದ್ದವರು ಯಾರು? ಅಷ್ಟು ಬಲದ ರಾಜದೂತ್‌ಗೆ ಇಲ್ಲಿ ಕೊಟ್ಟದ್ದು ಡ್ರಮ್ ಬ್ರೇಕು. ಪೆಟ್ರೋಲಿನ ವಿಷಯದಲ್ಲಿ ಅದರ ಬಾಯಿಯೂ ದೊಡ್ಡದು. 1990ರ ಹೊತ್ತಿಗೆ ಅದರ ತಯಾರಿಕೆ ನಿಂತುಹೋಯಿತು. ಮಾರುತಿ 800 ಮಾತ್ರ 2014ರವರೆಗೆ ಬಂತು. ಲಕ್ಷಾಂತರ ಮನೆಗಳ ಮೊದಲ ಕಾರಾಯಿತು. ಬೈಕುಗಳಲ್ಲೂ ಜನ ಕೈಹಿಡಿದದ್ದು ವೇಗದ ಗಾಡಿಯನ್ನಲ್ಲ. 1985ರಲ್ಲಿ ಬಂದ 97 ಸಿಸಿಯ ಹೀರೋ ಹೋಂಡಾ, ಲೀಟರಿಗೆ ಹೆಚ್ಚು ಕಿಲೋಮೀಟರು ಕೊಟ್ಟೇ ಗೆದ್ದಿತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸಬೇಕಾದ ಟೂ-ಸ್ಟ್ರೋಕ್ ಗಾಡಿಗಳ ಕಾಲ ಅಲ್ಲಿಂದ ಮುಂದೆ ಇಳಿಮುಖವಾಯಿತು. ಜಾವಾ, ಯೆಜ್ದಿಗಳನ್ನು ಕೊಟ್ಟ ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಕುರ್ಲಾದ ಪದ್ಮಿನಿ 2000ದ ಸುಮಾರಿಗೆ, ಉತ್ತರಪಾಡಾದ ಅಂಬಾಸಿಡರ್ 2014ರಲ್ಲಿ ನಿಂತವು. ಮುಂಬಯಿಯ ಕೊನೆಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ. ಜಾವಾ ಹೆಸರು 2018ರಲ್ಲಿ ಬೇರೊಂದು ಸಂಸ್ಥೆಯಿಂದ ಮತ್ತೆ ಬಂದಿದೆಯಾದರೂ ಯಾದವಗಿರಿಯ ಸೈರನ್ನು ಮತ್ತೆ ಕೂಗಲಿಲ್ಲ.

ಮಳೆಯಲ್ಲಿ ಸ್ಕೂಟರಿನ ಮೇಲೆ ನೆನೆಯುತ್ತ ಹೋಗುತ್ತಿದ್ದ ಸಂಸಾರವೊಂದನ್ನು ಕಂಡದ್ದೇ ನ್ಯಾನೋ ಕಾರಿನ ಯೋಚನೆಗೆ ಕಾರಣವೆಂದು ರತನ್ ಟಾಟಾ ಹೇಳುತ್ತಿದ್ದರು. 2008ರಲ್ಲಿ ಒಂದು ಲಕ್ಷ ರೂಪಾಯಿಯ ಕಾರೆಂದು ಅದನ್ನು ಜನರ ಮುಂದಿಟ್ಟರು. ನಿರೀಕ್ಷಿಸಿದಷ್ಟು ಮಾರಾಟವಾಗದೆ ಹತ್ತು ವರ್ಷಗಳಲ್ಲಿ ಅದು ನಿಂತಿತು. ನ್ಯಾನೋ ಸೋತರೂ ಆ ಸಂಸಾರ ಇನ್ನೂ ರಸ್ತೆಯ ಮೇಲಿದೆ. ಸವಾರನ ಹಿಂದೆ ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಕೂರಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. 2019ರ ತಿದ್ದುಪಡಿ ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ ಮಾಡಿದೆ. ಇಂದು ನಮ್ಮ ಮಕ್ಕಳು, ಮೊಮ್ಮಕ್ಕಳು ಏರುವ ಬೈಕುಗಳಲ್ಲಿ ಹಲವು ಆ ಜಾವಾಕ್ಕಿಂತ ಚುರುಕಾಗಿವೆ.

ಆದ್ದರಿಂದ ಮುಂದಿನ ಬಾರಿ ಊಟದ ನಂತರ ಈ ವಾದ ಎದ್ದಾಗ ನಮ್ಮ ತೀರ್ಪು ಹೀಗಿರಲಿ: ಒಬ್ಬನೇ ಹೋಗುವಾಗ, ಸಿಗ್ನಲ್ಲಿನಿಂದ ಮುಂದಿನ ಸಿಗ್ನಲ್ಲಿನವರೆಗೆ ಜಾವಾವೇ ಮುಂದು. ಸಂಸಾರ ಸಮೇತ ಊರು ಸೇರುವುದಕ್ಕೆ ಫಿಯೆಟ್ಟೇ ಮುಂದು. ಇಷ್ಟು ಹೇಳಿ, ಬೈಕಿನಲ್ಲಿ ಬಂದವರು ಮನೆಗೆ ಹೊರಡುವ ಮೊದಲು ಹೆಲ್ಮೆಟ್ ಹಾಕಿಕೊಂಡರೋ ಇಲ್ಲವೋ ಎಂದು ಬಾಗಿಲವರೆಗೆ ಹೋಗಿ ನೋಡಿ ಬರೋಣ.