ದಿಲ್ಲಿಯ ಬಸಂತ ಮತ್ತು ದೋರಸಮುದ್ರದ ನೆನಪು

ಜನವರಿ ಮುಗಿಯುತ್ತ ಬಂತೆಂದರೆ ದಿಲ್ಲಿ ಕನ್ನಡಿಗರಾದ ನಮಗೆ ನೆಂಟರ ಕಾಲ. ಊರಿನಿಂದ ಬಂದವರಿಗೆ ಗಣರಾಜ್ಯೋತ್ಸವದ ಮೆರವಣಿಗೆ ತೋರಿಸಬೇಕು. 29ರ ಸಂಜೆ ವಿಜಯ ಚೌಕದಲ್ಲಿ ಸೇನಾ ವಾದ್ಯವೃಂದಗಳ 'ಬೀಟಿಂಗ್ ರಿಟ್ರೀಟ್' ಕೇಳಿಸಬೇಕು. ಫೆಬ್ರವರಿಯಲ್ಲಿ ರಾಷ್ಟ್ರಪತಿ ಭವನದ ತೋಟವಿದೆ. ಮೊಘಲ್ ಗಾರ್ಡನ್ ಎಂದು ನಾವು ಕರೆಯುತ್ತಿದ್ದ ಅದಕ್ಕೆ 2023ರಿಂದ ಅಮೃತ ಉದ್ಯಾನವೆಂದು ಹೆಸರು. ಇನ್ನೂ ಪುರಸೊತ್ತಿದ್ದರೆ 1987ರಲ್ಲಿ ಆರಂಭವಾದ ಸೂರಜ್‌ಕುಂಡದ ಕರಕುಶಲ ಮೇಳ. ಈ ಪಟ್ಟಿ ನಮ್ಮಲ್ಲಿ ಹಲವರಿಗೆ ಬಾಯಿಪಾಠವಾಗಿದೆ.

ಆದರೆ ಇದೇ ಚಳಿಗಾಲದ ಕೊನೆಯಲ್ಲಿ, ನಾವು ದಿನವೂ ಆಫೀಸಿಗೆ ಹೋಗುವ ಬಸ್ಸಿನ ದಾರಿಯಲ್ಲೇ, ಎಷ್ಟೋ ಶತಮಾನಗಳ ಪರಂಪರೆಯ ಹಬ್ಬವೊಂದು ನಡೆಯುತ್ತದೆ. ಅದೇ ಹಜರತ್ ನಿಜಾಮುದ್ದೀನ್ ಔಲಿಯಾ ಅವರ ದರ್ಗಾದ ಬಸಂತ. ಇಷ್ಟು ವರ್ಷ ದಿಲ್ಲಿಯಲ್ಲಿದ್ದೂ ನಾವು ಅದನ್ನು ಕಂಡಿರಲಿಲ್ಲ. ಈಚೆಗೊಮ್ಮೆ ಆಫೀಸಿನ ಮಿತ್ರರೊಬ್ಬರ ಒತ್ತಾಯಕ್ಕೆ ಮನೆಯವರೊಡನೆ ಹೋಗಿಬಂದೆವು. ಹೋಗಿಬಂದ ಮೇಲೆ ಮನಸ್ಸಿನಲ್ಲಿ ಉಳಿದ ಕೆಲವು ವಿಚಾರಗಳನ್ನು ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ.

ಮಾಘ ಶುದ್ಧ ಪಂಚಮಿಯ ಸುಮಾರಿಗೆ ನಡೆಯುವ ಹಬ್ಬವಿದು. ನಮ್ಮ ಕಡೆ ಹಿರಿಯರು ಎರಡು ದಿನ ಬಿಟ್ಟು ಬರುವ ರಥಸಪ್ತಮಿಯನ್ನು ನೆನೆಯುತ್ತಾರೆಯೇ ಹೊರತು ಪಂಚಮಿಯ ಸಡಗರ ಅಷ್ಟಾಗಿ ಇಲ್ಲ. ದರ್ಗಾದಲ್ಲಿ ಮಾತ್ರ ಅಂದು ಎಲ್ಲೆಲ್ಲೂ ಹಳದಿ. ಕವ್ವಾಲರ ತಲೆಯ ಮೇಲೆ ಹಳದಿ ವಸ್ತ್ರ, ಕೈಯಲ್ಲಿ ಸಾಸಿವೆ ಹೂವಿನ ಗೊಂಚಲು. ಕಿರಿದಾದ ಗಲ್ಲಿಯಿಂದ ಹಾಡುತ್ತ ಬಂದು ಹೂವನ್ನು ಸಮಾಧಿಗೆ ಅರ್ಪಿಸುತ್ತಾರೆ. "ಸಾಸಿವೆಯನ್ನು ಒಗ್ಗರಣೆ ಸೌಟಿನಲ್ಲಿ ಕಂಡಿದ್ದೆವು, ದೇವರ ಸನ್ನಿಧಿಯಲ್ಲಿ ಇಂದೇ ಕಂಡದ್ದು" ಎಂದರು ನಮ್ಮ ಮನೆಯವರು.

ಈ ಹಬ್ಬಕ್ಕೊಂದು ಐತಿಹ್ಯವಿದೆ. ನಿಜಾಮುದ್ದೀನರಿಗೆ ತಕೀಯುದ್ದೀನ್ ನೂಹ್ ಎಂಬ ಬಂಧು. ಮಗನಂತೆ ಪ್ರೀತಿಸಿದ ಆ ತರುಣ ತೀರಿಕೊಂಡಾಗ ಗುರುಗಳು ಮಾತು ಬಿಟ್ಟರು, ನಗುವುದನ್ನು ಮರೆತರು. ಶಿಷ್ಯನಾದ ಕವಿ ಅಮೀರ್ ಖುಸ್ರೋಗೆ ಇದು ಸಹಿಸದಾಯಿತು. ಒಂದು ದಿನ ಹಳದಿ ಉಟ್ಟ ಹೆಂಗಸರು ಸಾಸಿವೆ ಹೂ ಹಿಡಿದು ಹಾಡುತ್ತ ಗುಡಿಗೆ ಹೋಗುವುದನ್ನು ಆತ ಕಂಡ. ತಾನೂ ಹಾಗೆಯೇ ಹಳದಿ ಉಟ್ಟು, ಹೂ ಹಿಡಿದು, ಹಾಡುತ್ತ ಗುರುಗಳ ಎದುರು ಬಂದು ನಿಂತ. ಗುರುಗಳು ನಕ್ಕರು. ಅಂದಿನಿಂದ ಬಸಂತ ನಡೆದುಬಂದಿದೆ ಎಂದು ಭಕ್ತರ ನಂಬಿಕೆ. ಇದು ಬಾಯಿಂದ ಬಾಯಿಗೆ ಬಂದ ಕಥೆಯೇ ಹೊರತು ಸಮಕಾಲೀನ ದಾಖಲೆಯ ಮಾತಲ್ಲ. ಆದರೆ 18ನೇ ಶತಮಾನದಲ್ಲಿ ನಿಜಾಮರ ಪರಿವಾರದೊಡನೆ ದಖ್ಖನಿನಿಂದ ದಿಲ್ಲಿಗೆ ಬಂದ ದರ್ಗಾ ಕುಲಿ ಖಾನ್, ಇಲ್ಲಿನ ದರ್ಗಾಗಳಲ್ಲಿ ನಡೆಯುತ್ತಿದ್ದ ಬಸಂತದ ಸಂಭ್ರಮವನ್ನು ಬಣ್ಣಿಸಿದ್ದಾನೆ. ಆದ್ದರಿಂದ ಹಬ್ಬ ಹಳೆಯದೆಂಬುದರಲ್ಲಿ ಸಂದೇಹವಿಲ್ಲ.

ಗುರುಗಳ ಸಮಾಧಿಗೆ ದಕ್ಷಿಣದಲ್ಲಿ, ಕೂಗಳತೆಯಲ್ಲಿ, ಖುಸ್ರೋನ ಸಮಾಧಿ. ಇಬ್ಬರೂ ತೀರಿಕೊಂಡದ್ದು 1325ರಲ್ಲಿ, ಕೆಲವೇ ತಿಂಗಳ ಅಂತರದಲ್ಲಿ. ಅದರ ಮುಂದೆ ನಿಂತಾಗ ಕನ್ನಡಿಗರಾದ ನಮಗೆ ಬೇರೊಂದು ಸಂಗತಿ ನೆನಪಾಯಿತು.

ಖುಸ್ರೋ ಗುರುಭಕ್ತ ಮಾತ್ರವಲ್ಲ, ಆಸ್ಥಾನ ಕವಿಯೂ ಹೌದು. ಒಬ್ಬರ ಮೇಲೊಬ್ಬರಂತೆ ಬಂದ ಹಲವು ಸುಲ್ತಾನರ ಆಶ್ರಯ ಕಂಡವನು. ಅಲಾವುದ್ದೀನ್ ಖಲ್ಜಿಯ ವಿಜಯಗಳನ್ನು ಹೊಗಳಿ ಆತ ಪಾರಸಿ ಗದ್ಯದಲ್ಲಿ ಬರೆದ ಕೃತಿ 'ಖಜಾಯಿನುಲ್ ಫುತೂಹ್'. ಮಲಿಕ್ ಕಾಫೂರನ ದಂಡು 1311ರ ಫೆಬ್ರವರಿಯ ಕೊನೆಗೆ ಹೊಯ್ಸಳರ ರಾಜಧಾನಿ ದೋರಸಮುದ್ರವನ್ನು, ಎಂದರೆ ಇಂದಿನ ಹಳೇಬೀಡನ್ನು, ಮುತ್ತಿದ ವೃತ್ತಾಂತ ಅದರಲ್ಲಿದೆ. ಅದೂ ಚಳಿಗಾಲದ ಕೊನೆಯೇ! ಮೂರನೆಯ ಬಲ್ಲಾಳ ಶರಣಾಗಿ ಆನೆ, ಕುದುರೆ, ಭಂಡಾರಗಳನ್ನು ಒಪ್ಪಿಸಬೇಕಾಯಿತು. ದಕ್ಷಿಣದಿಂದ ಬಂದ ಕೊಳ್ಳೆಯನ್ನು ಅದೇ ವರ್ಷ ಸುಲ್ತಾನನ ಸಿರಿ ಕೋಟೆಯಲ್ಲಿ ಒಪ್ಪಿಸಲಾಯಿತು. ಇಂದು ನಾವು ಸಂಗೀತ ಕಛೇರಿಗೆಂದು ಹೋಗುವ ಸಿರಿ ಫೋರ್ಟ್ ಸಭಾಂಗಣಕ್ಕೆ ಹೆಸರು ಬಂದದ್ದು ಆ ಕೋಟೆಯಿಂದಲೇ. ಸುಲ್ತಾನನ ಕೀರ್ತಿ ಹಾಡುವುದೇ ಖುಸ್ರೋನ ಗ್ರಂಥದ ಗುರಿ. ಸೋತ ಊರಿನ ದುಃಖವನ್ನು ಅದರಲ್ಲಿ ಹುಡುಕಿ ಫಲವಿಲ್ಲ.

ಬಲ್ಲಾಳನ ಮಗ ವೀರ ವಿರೂಪಾಕ್ಷನೂ ದಿಲ್ಲಿಗೆ ಬರಬೇಕಾಯಿತು. ಆತ 1313ರಲ್ಲಿ ತಾಯ್ನಾಡಿಗೆ ಮರಳಿದ ಸಂಗತಿ ಶಿವಮೊಗ್ಗ ಸೀಮೆಯ ಶಾಸನದಲ್ಲಿ ದಾಖಲಾಗಿದೆ. ವರ್ಗಾವಣೆಯ ಆದೇಶ ಹಿಡಿದು, ಹೋಲ್ಡಾಲು ಕಟ್ಟಿಕೊಂಡು ದಿಲ್ಲಿಗೆ ಬಂದವರು ನಾವು. ನಮಗಿಂತ ಏಳುನೂರು ವರ್ಷ ಮೊದಲೇ ಮನಸ್ಸಿಲ್ಲದೆ ಇಲ್ಲಿಗೆ ಬಂದು, ಊರಿನ ದಾರಿ ಕಾದ ಕನ್ನಡ ರಾಜಕುಮಾರನ ನೆನಪು ನಮಗೆ ಆಗದಿದ್ದೀತೆ?

ಇಷ್ಟಕ್ಕೇ ನಿಲ್ಲಿಸಿದರೆ ಖುಸ್ರೋಗೆ ಅನ್ಯಾಯವಾದೀತು. 1318ರಲ್ಲಿ ಆತ 'ನುಹ್ ಸಿಪಿಹ್ರ್' ಎಂಬ ಕಾವ್ಯ ಮುಗಿಸಿದ. ಅದರಲ್ಲಿ ಹಿಂದೂಸ್ತಾನದ ಹವೆ, ಹೂವು, ವಿದ್ಯೆಗಳ ಬಗ್ಗೆ ಮನಸಾರೆ ಮೆಚ್ಚಿ ಬರೆದು, ಇಲ್ಲಿನ ಜನ ಆಡುವ ಭಾಷೆಗಳ ಪಟ್ಟಿಯನ್ನೂ ಕೊಟ್ಟಿದ್ದಾನೆ. ಸಿಂಧಿ, ಕಾಶ್ಮೀರಿ, ತೆಲುಗು, ದಿಲ್ಲಿಯ ನುಡಿ ಮೊದಲಾದವುಗಳ ಜೊತೆ ಅಲ್ಲಿ 'ಧೂರ್ ಸಮುಂದರಿ' ಎಂಬ ಹೆಸರಿದೆ. ದೋರಸಮುದ್ರದ ಭಾಷೆ, ಎಂದರೆ ನಮ್ಮ ಕನ್ನಡವೇ ಅದು ಎಂದು ವಿದ್ವಾಂಸರು ಗುರುತಿಸಿದ್ದಾರೆ. ರಾಜಧಾನಿಯ ಸೋಲನ್ನು ಕೊಂಡಾಡಿದ ಏಳೆಂಟು ವರ್ಷಗಳಲ್ಲೇ ಅದೇ ಲೇಖನಿ ಆ ರಾಜಧಾನಿಯ ಹೆಸರಿನಿಂದಲೇ ನಮ್ಮ ನುಡಿಯನ್ನು ಕರೆದು, ದೇಶದ ಭಾಷೆಗಳ ಸಾಲಿನಲ್ಲಿ ಕೂರಿಸಿತು.

ಹಾಗಾದರೆ ಆ ಅಂಗಳದಲ್ಲಿ ಕನ್ನಡಿಗರು ಹೇಗೆ ನಿಲ್ಲಬೇಕು? ಮನೆಗೆ ಬರುವಾಗ ಬಸ್ಸಿನಲ್ಲಿ ಇದೇ ಚರ್ಚೆ. ಹಳೇಬೀಡಿನ ಕಡೆಯವರೇ ಆದ ಮಿತ್ರರು, "ಅಷ್ಟೆಲ್ಲ ಬರೆದವನಿಗೆ ನಾವು ಹೂ ಹಾಕಬೇಕೆ?" ಎಂದು ನೇರವಾಗಿಯೇ ಕೇಳಿದರು. ಪ್ರಶ್ನೆ ತಪ್ಪಲ್ಲ. ದೋರಸಮುದ್ರದ ಪೆಟ್ಟನ್ನು ಮರೆಯಬೇಕೆಂದು ನಾವು ಹೇಳಲಾರೆವು; ಮರೆತು ಹಬ್ಬ ಮಾಡಿದರೆ ಅದು ಇತಿಹಾಸವಾಗದು. ಆದರೆ ಬಸಂತ ಸುಲ್ತಾನನ ವಿಜಯೋತ್ಸವವಲ್ಲ. ಮಗುವನ್ನು ಕಳೆದುಕೊಂಡ ಹಿರಿಯರೊಬ್ಬರ ಮುಖದಲ್ಲಿ ನಗು ತರಲು, ನೆರೆಯ ಗುಡಿಗೆ ಹೊರಟ ಹೆಂಗಸರಿಂದ ಕಲಿತು ಮಾಡಿದ ಹಬ್ಬವೆಂದೇ ಜನ ಅದನ್ನು ನೆನೆಯುತ್ತಾರೆ. ಅಲಾವುದ್ದೀನನ ಸಿರಿಯಲ್ಲಿ ಈಗ ಮುರುಕು ಗೋಡೆಗಳಿವೆ. ಸಾಸಿವೆ ಹೂವಿನ ಹಬ್ಬ ಪ್ರತಿ ವರ್ಷ ನಡೆಯುತ್ತಿದೆ. ಎರಡನ್ನೂ ಬಲ್ಲವರಾಗಿ ಹೋಗಿ ಕುಳಿತುಕೊಳ್ಳುವುದೇ ಸರಿಯೆಂದು ನಮಗೆ ತೋರಿತು. ಮಿತ್ರರು ಒಪ್ಪಿದರೋ ಇಲ್ಲವೋ ತಿಳಿಯದು. ಹೂವಿನ ಗೊಂಚಲೊಂದನ್ನು ಮಾತ್ರ ಮನೆಗೆ ಒಯ್ದರು.

ಮುಂದಿನ ಮಾಘದಲ್ಲಿ ಓದುಗರೂ ಬಿಡುವು ಮಾಡಿಕೊಂಡು ಹೋಗಿಬರಲಿ. ಗಲ್ಲಿ ಕಿರಿದು, ಜನಸಂದಣಿ ಬಹಳ. ಮಕ್ಕಳ ಕೈ ಬಿಡಬಾರದು. ತಲೆಗೆ ವಸ್ತ್ರ ಬೇಕು, ಚಪ್ಪಲಿ ಹೊರಗೆ ಬಿಡಬೇಕು. ಸಮಾಧಿಯ ಒಳಕ್ಕೆ ಹೆಂಗಸರಿಗೆ ಪ್ರವೇಶವಿಲ್ಲ. ಅಂಗಳದಲ್ಲಿ ಕುಳಿತು ಎಲ್ಲರೂ ಹಾಡು ಕೇಳಬಹುದು. ಹಿಂತಿರುಗುವ ಮುನ್ನ ದೋರಸಮುದ್ರದ ಭಾಷೆಯಲ್ಲಿ ನಾಲ್ಕು ಮಾತು ಅಲ್ಲಿ ಆಡಿಬನ್ನಿ.