ಸ್ಲೈಡಿನಿಂದ ಮೊಬೈಲಿಗೆ: ಮಂಡ್ಯ ಸೀಮೆಯ ಪ್ಯಾರಾಮೆಡಿಕಲ್ ಕಲಿಕೆ

ಮದ್ದೂರಿನ ಬಸ್ ನಿಲ್ದಾಣದ ಹತ್ತಿರ ಈಚೆಗೆ ಒಂದು ಪೋಸ್ಟರ್ ನೋಡಿದೆ. ಆರೋಗ್ಯ ವಿಜ್ಞಾನದಲ್ಲಿ ಎರಡು ವರ್ಷದ ‘ಅಸೋಸಿಯೇಟ್ ಡಿಗ್ರಿ’, ಎಲ್ಲವೂ ಆನ್‌ಲೈನ್, ಅಮೆರಿಕದ ಮಾದರಿ. ಫೋನ್ ನಂಬರು ದಪ್ಪಕ್ಷರದಲ್ಲಿತ್ತು. ಸಂಸ್ಥೆಯ ಹೆಸರು ಓದಲು ಕನ್ನಡಕ ಒರೆಸಿಕೊಳ್ಳಬೇಕಾಯಿತು. ಹಳ್ಳಿ ಮಕ್ಕಳಿಗೆ ಪ್ಯಾರಾಮೆಡಿಕಲ್ ಬಾಗಿಲು ತೆರೆದದ್ದೇ ಆನ್‌ಲೈನ್ ಎಂಬ ಮಾತು ಈಗ ಚಾಲ್ತಿಯಲ್ಲಿದೆ. ಮೂವತ್ತು ಚಿಲ್ಲರೆ ವರ್ಷ ಲ್ಯಾಬಿನಲ್ಲಿ ದುಡಿದು, ಅದರಲ್ಲಿ ಅರ್ಧ ಕಾಲ ಪಾಠವನ್ನೂ ಹೇಳಿದ ನನಗೆ ಆ ಮಾತು ಹಿಡಿಸುವುದಿಲ್ಲ. ಜಿಲ್ಲೆಯ ವೈದ್ಯಕೀಯದ ಚರಿತ್ರೆ ಬರೆಯುವವರೂ ಡಾಕ್ಟರರ ಪಟ್ಟಿ ಮುಗಿದ ಕೂಡಲೇ ಪೆನ್ನು ಮುಚ್ಚುತ್ತಾರೆ.

ಪ್ಯಾರಾಮೆಡಿಕಲ್ ವಿದ್ಯೆ ನಮ್ಮಲ್ಲಿ ಬೇರು ಬಿಟ್ಟದ್ದು ಮಲೇರಿಯಾ ದೆಸೆಯಿಂದ. 1930ರ ದಶಕದಲ್ಲಿ ಕನ್ನಂಬಾಡಿಯ ನೀರು ಇರ್ವಿನ್ ನಾಲೆಗೆ ಬಂತು, ನೀರಿನ ಹಿಂದೆ ಗದ್ದೆ, ಕಬ್ಬು, 1933ರಲ್ಲಿ ಮೈಷುಗರ್ ಕಾರ್ಖಾನೆ, ಎಲ್ಲದರ ಜೊತೆಗೆ ಚಳಿಜ್ವರ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಸರ್ಕಾರ ಮಂಡ್ಯ ಸುತ್ತ ಮಲೇರಿಯಾ ಕೆಲಸ ನಡೆಸಿತು. ಸ್ವಾತಂತ್ರ್ಯದ ನಂತರ, 1953ರ ರಾಷ್ಟ್ರೀಯ ಮಲೇರಿಯಾ ಕಾರ್ಯಕ್ರಮ ಬಂದ ಮೇಲೆ, ಮನೆಮನೆಗೆ ಹೋಗಿ ಬೆರಳು ಚುಚ್ಚಿ ಸ್ಲೈಡ್ ತೆಗೆಯುವ ಕೆಲಸಗಾರರ ಒಂದು ಪಡೆಯೇ ಬೆಳೆಯಿತು. 1973ರ ಕರ್ತಾರ್ ಸಿಂಗ್ ಸಮಿತಿ ಬೇರೆ ಬೇರೆ ಕಾರ್ಯಕ್ರಮದ ಇಂಥವರನ್ನೆಲ್ಲ ಒಟ್ಟುಗೂಡಿಸಿ ವಿವಿಧೋದ್ದೇಶ ಕಾರ್ಯಕರ್ತರನ್ನಾಗಿ ಮಾಡಲು ಹೇಳಿತು. ಕಾಂಪೌಂಡರ್, ಡ್ರೆಸರ್, ಸೂಲಗಿತ್ತಿ ಇವರೆಲ್ಲ ಕೆಲಸ ಕಲಿತದ್ದು ಇನ್ನೊಬ್ಬರ ಪಕ್ಕ ನಿಂತು.

ನಮ್ಮ ತಲೆಮಾರಿನದು ಡಿ.ಎಂ.ಎಲ್.ಟಿ., ಅಂದರೆ ಲ್ಯಾಬ್ ತಂತ್ರಜ್ಞಾನದ ಡಿಪ್ಲೊಮಾ, ಕಾಲ. 1986ರಲ್ಲಿ ನಾಗಮಂಗಲ ತಾಲ್ಲೂಕಿನಲ್ಲಿ ಆದಿಚುಂಚನಗಿರಿಯವರ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಮೈಸೂರು, ಬೆಂಗಳೂರಿಗೆ ಹೋಗದೆಯೂ ದೊಡ್ಡ ಆಸ್ಪತ್ರೆಯ ಲ್ಯಾಬ್ ಕಾಣಬಹುದಾಯಿತು. ಪಿಪೆಟ್ಟನ್ನು ಬಾಯಲ್ಲೇ ಎಳೆಯುತ್ತಿದ್ದೆವು. ಈಗ ಹೇಳಿದರೆ ಹುಡುಗರು ಮುಖ ಸಿಂಡರಿಸುತ್ತಾರೆ, ಸರಿಯೇ. ಸಾಹ್ಲಿ ಟ್ಯೂಬಿನಲ್ಲಿ ಕಂದುಬಣ್ಣ ಹೊಂದಿಸಿ ಹಿಮೋಗ್ಲೋಬಿನ್ ಹೇಳುವುದು, ನ್ಯೂಬಾರ್ ಚೇಂಬರಿನ ಗೆರೆಗಳೊಳಗೆ ಬಿಳಿರಕ್ತಕಣ ಎಣಿಸುವುದು, ಎಲ್ಲ ಕಣ್ಣಿನ ಕೆಲಸ. ನಮ್ಮ ಮೇಷ್ಟರೊಬ್ಬರು ಮೊದಲ ಮೂರು ತಿಂಗಳು ಸ್ಮಿಯರ್ ಎಳೆಯುವುದನ್ನು ಬಿಟ್ಟು ಬೇರೇನೂ ಮಾಡಿಸಲಿಲ್ಲ. ಒಂದು ಹನಿ ರಕ್ತ, ಎರಡನೇ ಸ್ಲೈಡನ್ನು ಓರೆಯಾಗಿ ಹಿಡಿದು ಒಂದೇ ಉಸಿರಿಗೆ ಮುಂದಕ್ಕೆ ತಳ್ಳಬೇಕು. ಕೊನೆ ನಾಲಿಗೆಯ ತುದಿಯ ಹಾಗೆ ತೆಳ್ಳಗಾಗಬೇಕು. ದಪ್ಪವಾದರೆ ಕಣಗಳು ಒಂದರ ಮೇಲೊಂದು ಬೀಳುತ್ತವೆ, ಕೈ ನಡುಗಿದರೆ ಅಡ್ಡಗೆರೆ. ಲೀಷ್ಮನ್ ಬಣ್ಣ ಸುರಿದು ಎರಡು ನಿಮಿಷ, ಬಫರ್ ನೀರು ಬೆರೆಸಿ ಮತ್ತೆ ಏಳೆಂಟು ನಿಮಿಷ. ಹೀಗೆ ಬೆಂಚಿನ ಪಕ್ಕ ನಿಲ್ಲಿಸಿಕೊಂಡು ಕಲಿಸುವ ಪಂಥದವನು ನಾನು. ಪಕ್ಷಪಾತ ಎಂದರೆ ಒಪ್ಪುತ್ತೇನೆ.

ತೊಂಬತ್ತರ ದಶಕದಿಂದಾಚೆಗೆ ಇನ್ನೊಂದು ಪಂಥ ಹುಟ್ಟಿತು, ನೋಟ್ಸ್ ಪಂಥ. ಅಂಗಡಿಗಳ ಮೇಲಿನ ಮಹಡಿಯಲ್ಲಿ ಕ್ಲಾಸು, ಒಂದೋ ಎರಡೋ ಮೈಕ್ರೋಸ್ಕೋಪು, ಪರೀಕ್ಷೆಯ ಹಿಂದಿನ ವಾರ ಪ್ರಾಕ್ಟಿಕಲ್. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೂ ಪಿಯುಸಿ ಮುಗಿಸಿದವರಿಗೂ ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ ದಾರಿಯಿತ್ತು: ಲ್ಯಾಬ್, ಎಕ್ಸ್‌ರೇ, ಆಪರೇಷನ್ ಥಿಯೇಟರ್, ಡಯಾಲಿಸಿಸ್, ಹೆಲ್ತ್ ಇನ್‌ಸ್ಪೆಕ್ಟರ್. ಒಳ್ಳೆಯ ಕಾಲೇಜುಗಳೂ ಇದ್ದವು. ಇಲ್ಲ ಎಂದರೆ ಅನ್ಯಾಯ. ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ನಮ್ಮ ಮಿಮ್ಸ್, ಬಂದ ಮೇಲೆ ಜಿಲ್ಲಾಕೇಂದ್ರದಲ್ಲೇ ಕಲಿಯುವ ಅನುಕೂಲವಾಯಿತು. ಆದರೆ ಮಳವಳ್ಳಿಗೆ ಇವತ್ತಿಗೂ ರೈಲಿಲ್ಲ. ಹಲಗೂರಿನ ಆಚೆಯ ಹುಡುಗಿಗೆ ಬೆಳಗಿನ ಬಸ್ಸು ತಪ್ಪಿದರೆ ಆ ದಿನದ ಕ್ಲಾಸೇ ತಪ್ಪುತ್ತದೆ. 2023ರಲ್ಲಿ ಶಕ್ತಿ ಯೋಜನೆ ಬಂದು ಟಿಕೆಟ್ ಚಿಂತೆ ತಪ್ಪಿತು, ಹೊತ್ತಿನ ಚಿಂತೆ ತಪ್ಪಲಿಲ್ಲ. ಅಂಥವಳ ಕೈಗೆ ಮೊಬೈಲ್ ಪಾಠ ಸಿಕ್ಕರೆ ಅವಳು ಹಿಡಿದುಕೊಳ್ಳದೆ ಏನು ಮಾಡಿಯಾಳು?

ದೂರಶಿಕ್ಷಣ ನಮಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣ 1969ರದು, ಅದೇ 1996ರಲ್ಲಿ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಬಿ.ಎ., ಬಿ.ಕಾಂ. ಓದಿಸಿ ಅದು ಎಷ್ಟೋ ಮನೆ ಬೆಳಗಿದೆ. ಕೆಡುಕಾದದ್ದು ಹೊರಗಿನ ಸಹಯೋಗಿ ಸಂಸ್ಥೆಗಳ ಮೂಲಕ ತಾಂತ್ರಿಕ ಕೋರ್ಸುಗಳಿಗೆ ಕೈ ಹಾಕಿದಾಗ. 2012-13ರ ನಂತರ ಯುಜಿಸಿ ಮಾನ್ಯತೆ ನಿಂತು, 2018ರಲ್ಲಿ ಮರಳಿತು. ನಡುವೆ ಸಿಕ್ಕಿಬಿದ್ದ ಮಕ್ಕಳ ಗೋಳು ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ಇಗ್ನೊ ನರ್ಸುಗಳಿಗೆ ನಡೆಸಿದ ಸಮುದಾಯ ಆರೋಗ್ಯ ಸರ್ಟಿಫಿಕೇಟು ಬೇರೆ ಬಗೆಯದು: ಆಗಲೇ ನರ್ಸಿಂಗ್ ಕಲಿತವರಿಗೆ ಪುಸ್ತಕವನ್ನೂ ಕೊಟ್ಟು ಆಸ್ಪತ್ರೆಯಲ್ಲಿ ಅಭ್ಯಾಸವನ್ನೂ ಮಾಡಿಸಿತು.

ಕೋವಿಡ್ ಎಲ್ಲವನ್ನೂ ಫೋನಿಗೆ ತಂದಿತು. ಮೂತ್ರಪಿಂಡ ಹೇಗೆ ಸೋಸುತ್ತದೆ ಎಂಬುದನ್ನು ನಾನು ಬೋರ್ಡಿನ ಮೇಲೆ ಬಿಡಿಸುತ್ತಿದ್ದದ್ದಕ್ಕಿಂತ ಹತ್ತು ಪಟ್ಟು ಚೆನ್ನಾಗಿ ಒಂದು ವೀಡಿಯೊ ತೋರಿಸುತ್ತದೆ, ಸುಳ್ಳೇಕೆ ಹೇಳಲಿ. ಆ ಕಾಲದಲ್ಲಿ ಬಂದ ಹುಡುಗಿಯೊಬ್ಬಳಿಗೆ ರಕ್ತ ತೆಗೆಯಲು ಹೇಳಿದೆ. ಪಟ್ಟಿ ಕಟ್ಟಿದಳು, ಸ್ಪಿರಿಟ್ ಒರೆಸಿದಳು, ಅಲ್ಲಿಗೆ ನಿಂತಳು. “ವೀಡಿಯೊದಲ್ಲಿ ನಲವತ್ತು ಸಲ ನೋಡಿವ್ನಿ ಸಾ, ವೇನ್ ಎಲ್ಲೈತೆ ಅಂತ ಬೆರಳಿಗೇ ಗೊತ್ತಾಗ್ತಿಲ್ಲ” ಅಂದಳು. ಇಷ್ಟು ಸರಿಯಾಗಿ ಯಾವ ಸಮಿತಿಯೂ ಹೇಳಿಲ್ಲ.

ರಕ್ತಕಣ ಎಣಿಸುವ ಮಿಷನ್ ಇದೆಯಲ್ಲ ಎನ್ನುವವರಿಗೆ ಒಂದು ಡೆಂಗಿ ಕಾಲದ ಮಾತು. ಮಿಷನ್ ಪ್ಲೇಟ್‌ಲೆಟ್ ಇಪ್ಪತ್ತು ಸಾವಿರ ಎಂದಿತು, ಮನೆಯವರು ಮೈಸೂರಿಗೆ ಕಾರು ಗೊತ್ತು ಮಾಡುತ್ತಿದ್ದರು. ಸ್ಮಿಯರ್ ಎಳೆದು ನೋಡಿದರೆ ಪ್ಲೇಟ್‌ಲೆಟ್‌ಗಳು ತುದಿಯಲ್ಲಿ ಗುಂಪುಗುಂಪಾಗಿ ಅಂಟಿಕೊಂಡಿದ್ದವು. ರಕ್ತ ಹೆಪ್ಪುಗಟ್ಟದಂತೆ ಟ್ಯೂಬಿಗೆ ಹಾಕಿರುವ ಇಡಿಟಿಎ ಕೆಲವರ ರಕ್ತದಲ್ಲಿ ಹೀಗೆ ಮಾಡುತ್ತದೆ. ಮಿಷನ್ ಗುಂಪನ್ನು ಬಿಡಿಯಾಗಿ ಎಣಿಸಲಾರದು. ಬೇರೆ ಟ್ಯೂಬಿನಲ್ಲಿ ರಕ್ತ ತೆಗೆದರೆ ಒಂದು ಲಕ್ಷದ ಮೇಲಿತ್ತು.

ಅಮೆರಿಕದ ಮಾದರಿ ಎನ್ನುವವರು ಆ ಮಾದರಿಯನ್ನು ಪೂರ್ತಿ ನೋಡಿಲ್ಲ. 1952ರಲ್ಲಿ ಅಲ್ಲಿನ ನರ್ಸಿಂಗ್ ಶಿಕ್ಷಣತಜ್ಞೆ ಮಿಲ್‌ಡ್ರೆಡ್ ಮೊಂಟಾಗ್ ಎರಡು ವರ್ಷದ ನರ್ಸಿಂಗ್ ಅಸೋಸಿಯೇಟ್ ಡಿಗ್ರಿಯನ್ನು ಕಮ್ಯುನಿಟಿ ಕಾಲೇಜುಗಳಲ್ಲಿ ಪ್ರಯೋಗಿಸಿದಾಗ ಅದರಲ್ಲಿ ವಾರ್ಡಿನ ಕೆಲಸವೂ ಸೇರಿತ್ತು. ನಮ್ಮ ಕಾನೂನೂ ಗಂಟೆಗಳ ಲೆಕ್ಕ ಕೇಳುತ್ತದೆ. 2021ರ ಅಲೈಡ್ ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯ ಪ್ರಕಾರ ಡಿಪ್ಲೊಮಾಕ್ಕೂ ಕನಿಷ್ಠ 2,000 ಗಂಟೆ ಬೇಕು, ಎರಡರಿಂದ ನಾಲ್ಕು ವರ್ಷಗಳಲ್ಲಿ ಹಂಚಿಕೊಂಡು. ಪ್ಯಾರಾಮೆಡಿಕಲ್ ವಿಷಯಗಳನ್ನು ದೂರಶಿಕ್ಷಣದಿಂದ ಹೊರಗಿಟ್ಟಿದ್ದ ಯುಜಿಸಿ, ಈ ಕಾಯ್ದೆಯಡಿ ಬರುವ ಕೋರ್ಸುಗಳನ್ನು ಆನ್‌ಲೈನಿನಲ್ಲೂ ದೂರಶಿಕ್ಷಣದಲ್ಲೂ ನಡೆಸಕೂಡದೆಂದು 2025ರಲ್ಲಿ ಮತ್ತೆ ಹೇಳಿತು, ಮನಃಶಾಸ್ತ್ರವನ್ನೂ ಸೇರಿಸಿ. ಪೋಸ್ಟರ್ ಅಂಟಿಸುವವರು ಇದನ್ನು ಓದಿಲ್ಲವೋ, ಓದಿಯೂ ಅಂಟಿಸಿದ್ದಾರೋ.

ನಿಷೇಧಿಸಿ ಕೈ ತೊಳೆದುಕೊಂಡರೆ ಹಲಗೂರಿನ ಹುಡುಗಿ ಇದ್ದಲ್ಲೇ ಇರುತ್ತಾಳೆ. ತಾನೇ ಓದಿ ಕಲಿಯಲಿ ಎಂದರೆ, ಬೆಂಚಿನ ಕೆಲಸ ಹೇಳಿಕೊಡುವ ನೆಟ್ಟಗಿನ ಕನ್ನಡ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೆ ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗಳಿಗೆ ದಿನಾ ರೋಗಿಗಳು ಬರುತ್ತಾರೆ, ಸ್ಯಾಂಪಲ್ ಬರುತ್ತದೆ, ಕಲಿಸಬಲ್ಲ ಟೆಕ್ನಿಷಿಯನ್ನರಿದ್ದಾರೆ. ಓದಿನ ಪಾಠ ಫೋನಿನಲ್ಲಿ ಬರಲಿ, ಬೆಂಚಿನ ಗಂಟೆಗಳು ಇಲ್ಲೇ ತುಂಬಲಿ. ಕಲಿಸುವ ಟೆಕ್ನಿಷಿಯನ್‌ಗೆ ನಾಲ್ಕು ಕಾಸು ಭತ್ಯೆ ಕೊಡಲಿ. ಅಲ್ಲಿಯತನಕ ಅಪ್ಪ ಅಮ್ಮಂದಿರಲ್ಲಿ ನನ್ನ ಕೋರಿಕೆ ಇಷ್ಟೇ. ಫೀಸು ಕಟ್ಟುವ ಮುಂಚೆ ಮೂರು ಮಾತು ಕೇಳಿ: ನಮ್ಮ ಮಗು ಯಾವ ಆಸ್ಪತ್ರೆಯ ಬೆಂಚಿನ ಮುಂದೆ ನಿಲ್ಲುತ್ತದೆ, ಎಷ್ಟು ಗಂಟೆ, ಅದಕ್ಕೆ ಸಹಿ ಹಾಕುವವರು ಯಾರು? ಉತ್ತರವನ್ನು ಬರವಣಿಗೆಯಲ್ಲಿ ಇಸಿದುಕೊಳ್ಳಿ.