ಬೋರ್ (ಕ್ರಿಯಾಪದ)

'ಬೋರ್' ಇಂಗ್ಲಿಷ್ ಭಾಷೆಯ ಒಂದು ಕ್ರಿಯಾಪದ. ಮರ, ಲೋಹ, ಕಲ್ಲು, ನೆಲ ಮೊದಲಾದವುಗಳಲ್ಲಿ ದುಂಡಗಿನ ರಂಧ್ರವನ್ನು ಮಾಡುವುದು ಇದರ ಮೂಲಾರ್ಥ. ಕನ್ನಡದಲ್ಲಿ ಇದಕ್ಕೆ ಹತ್ತಿರದ ಧಾತು 'ಕೊರೆ'. 'ಬೇಸರ ಹುಟ್ಟಿಸು' ಎಂಬ ಇನ್ನೊಂದು ಅರ್ಥವೂ ಈ ಪದಕ್ಕಿದೆ. ಎರಡೂ ಅರ್ಥಗಳಲ್ಲಿ ಇದು ಕನ್ನಡದ ಆಡುಮಾತಿನಲ್ಲಿ ಬಳಕೆಯಾಗುತ್ತಿದೆ.

ವ್ಯುತ್ಪತ್ತಿ

ಈ ಪದವು ಹಳೆಯ ಇಂಗ್ಲಿಷಿನ 'ಬೋರಿಯನ್' ಎಂಬ ರೂಪದಿಂದ ಬಂದಿದೆ. ಜರ್ಮನ್ ಭಾಷೆಯ 'ಬೋರೆನ್' ಇದರ ಸಜಾತಿ ಪದ. ಲ್ಯಾಟಿನ್ನಿನ 'ಫೊರಾರೆ' (ಕೊರೆ) ಕೂಡ ಇದೇ ಇಂಡೋ-ಯುರೋಪಿಯನ್ ಮೂಲಕ್ಕೆ ಸೇರಿದೆ. ಮೂಲದ ಭಕಾರವು ಪದದ ಆದಿಯಲ್ಲಿ ಇಂಗ್ಲಿಷಿನಲ್ಲಿ ಬಕಾರವಾಗಿ, ಲ್ಯಾಟಿನ್ನಿನಲ್ಲಿ ಫಕಾರವಾಗಿ ಪರಿಣಮಿಸುತ್ತದೆ. ಸಂಸ್ಕೃತದ 'ಭ್ರಾತೃ', ಇಂಗ್ಲಿಷಿನ 'ಬ್ರದರ್', ಲ್ಯಾಟಿನ್ನಿನ 'ಫ್ರಾಟೆರ್' ಎಂಬ ರೂಪಗಳಲ್ಲಿಯೂ ಇದೇ ನಿಯಮವನ್ನು ಕಾಣಬಹುದು.

'ಫೊರಾರೆ'ಗೆ 'ಮೂಲಕ, ಆಚೆಯವರೆಗೆ' ಎಂಬರ್ಥದ 'ಪೆರ್' ಸೇರಿ 'ಪರ್ಫೊರೇಟ್' ಎಂಬ ಕ್ರಿಯಾಪದವಾಯಿತು. ಅಂಚೆಚೀಟಿಗಳನ್ನು ಹರಿಯಲು ಅನುಕೂಲವಾಗುವ ರಂಧ್ರಗಳ ಸಾಲನ್ನು ಸೂಚಿಸುವುದು ಇದರಿಂದಾದ ನಾಮಪದ. ಮಣಿಪಾಲದಂಥ ವಿದ್ಯಾಕೇಂದ್ರಗಳಲ್ಲಿ ಅಂಗರಚನಾಶಾಸ್ತ್ರದ ವಿದ್ಯಾರ್ಥಿಗಳು ಕಲಿಯುವ, ತಲೆಬುರುಡೆಯ ತಳದ ದೊಡ್ಡ ರಂಧ್ರದ ಹೆಸರಾದ 'ಫೊರಾಮೆನ್ ಮ್ಯಾಗ್ನಮ್' ಕೂಡ ಈ ಕುಟುಂಬದ್ದೇ. 'ಡ್ರಿಲ್' ಮಾತ್ರ ಬೇರೆ ಮೂಲದ್ದು. ಅದು ಡಚ್ ಭಾಷೆಯಿಂದ ಬಂದಿದೆ.

ಬೇಸರದ ಅರ್ಥ

ಈ ಅರ್ಥವು ಇಂಗ್ಲಿಷಿನಲ್ಲಿ 18ನೇ ಶತಮಾನದಲ್ಲಿ ಕಾಣಿಸಿಕೊಂಡಿತು. ಇದು ರಂಧ್ರದ ಅರ್ಥದಿಂದಲೇ ಬೆಳೆಯಿತೆಂಬುದು ವಿದ್ವಾಂಸರಲ್ಲಿ ನಿರ್ವಿವಾದವಾಗಿಲ್ಲ. ಕನ್ನಡದಲ್ಲಾದರೋ ಸಂಬಂಧ ಸ್ಪಷ್ಟವಾಗಿದೆ: ಬಿಡದೆ ಮಾತನಾಡಿ ಬೇಸರ ತರಿಸುವವರನ್ನು ಕುರಿತು 'ತಲೆ ಕೊರೆಯುತ್ತಾರೆ' ಎನ್ನುತ್ತೇವೆ. ಉಡುಪಿ ಕಡೆಯ ಕನ್ನಡದಲ್ಲಿ 'ಬೋರ್ ಆಗುತ್ತದೆ' ಎನ್ನುವೆಡೆ 'ಉದಾಸೀನ ಆಗ್ತದೆ' ಎಂಬ ಮಾತೂ ಇದೆ.

ಕನ್ನಡದಲ್ಲಿ ಬಳಕೆ

ಇಂಗ್ಲಿಷಿನ ಈ ಕ್ರಿಯಾಪದ ಕನ್ನಡದಲ್ಲಿ ನಾಮಪದದಂತೆ ನಿಲ್ಲುತ್ತದೆ. ಆದುದರಿಂದ 'ಬೋರ್ ಹಾಕಿಸು', 'ಬೋರ್ ತೆಗೆಸು' ಎಂದು ಕನ್ನಡದ ಕ್ರಿಯಾಪದ ಜೊತೆಗೆ ಬೇಕಾಗುತ್ತದೆ. 'ಬೋರ್ ಕೊರೆಸು' ಎಂಬಲ್ಲಿ ಒಂದೇ ಅರ್ಥ ಎರಡು ಸಲ ಬರುತ್ತದೆ. ಇಲ್ಲೆಲ್ಲ 'ಬೋರ್' ಎಂದರೆ ಕೊಳವೆ ಬಾವಿ. ಉಡುಪಿ, ಕಾರ್ಕಳ ಪ್ರದೇಶದಲ್ಲಿ ಕೊರೆಯುವ ಯಂತ್ರವು ಸಾಮಾನ್ಯವಾಗಿ ಮೇಲಿನ ಮಣ್ಣು, ಮುರಕಲ್ಲುಗಳನ್ನು ದಾಟಿ ಕೆಳಗಿನ ಗಟ್ಟಿ ಶಿಲೆಯನ್ನು ತಲಪುತ್ತದೆ. ಮೇಲ್ಪದರ ಕುಸಿಯದಂತೆ ಕೇಸಿಂಗ್ ಪೈಪನ್ನು ಇಳಿಸುತ್ತಾರೆ. ನೀರು ಸಿಗದೆ ತೆರೆದೇ ಬಿಟ್ಟ ಬೋರ್‌ಗಳಲ್ಲಿ ಮಕ್ಕಳು ಬಿದ್ದು ಸತ್ತ ದುರಂತಗಳು ನಡೆದಿವೆ. ಈ ಕಾರಣ ಕೈಬಿಟ್ಟ ಬಾವಿಗಳನ್ನು ನೆಲಮಟ್ಟದವರೆಗೆ ತುಂಬಿ ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ನಿರ್ದೇಶಿಸಿತು.

ಕನ್ನಡದ ಸಂವಾದಿ ಪದಗಳು

ಅನುವಾದದಲ್ಲಿ ಸಂದರ್ಭಕ್ಕೆ ತಕ್ಕ ಪದವನ್ನು ಆರಿಸಬೇಕು.

ಕೊರೆ: ಆಳಕ್ಕೆ ತೋಡುತ್ತ ಹೋಗು. ಬಡಗಿಯು ಬೈರಿಗೆಯಿಂದ ಮರವನ್ನು ಕೊರೆಯುತ್ತಾನೆ. ಈ ಧಾತುವಿನ ವ್ಯಾಪ್ತಿ 'ಬೋರ್'ಗಿಂತ ದೊಡ್ಡದು: ಚಳಿಯೂ ಕೊರೆಯುತ್ತದೆ, ಕಾಪು ಮೊದಲಾದ ಕರಾವಳಿಯ ಊರುಗಳಲ್ಲಿ ಅಲೆಗಳು ದಡವನ್ನು ಕಬಳಿಸುವುದು 'ಕಡಲ್ಕೊರೆತ'.

ಚುಚ್ಚು: ಮೊನೆಯಿಂದ ಒಮ್ಮೆಗೆ ತೂರಿಸು. ಮಗುವಿನ ಕಿವಿಯನ್ನು ಚುಚ್ಚುತ್ತಾರೆ, ಕೊರೆಯುವುದಿಲ್ಲ.

ತೂತು ಮಾಡು: ವಿಧಾನ ಯಾವುದಾದರೂ ಫಲಿತಾಂಶವನ್ನಷ್ಟೇ ಹೇಳುವ ಮಾತು. ತುಳುವಿನಲ್ಲಿ ತೂತಿಗೆ 'ಒಟ್ಟೆ' ಎನ್ನುತ್ತಾರೆ.

ಇದೇ ಕಾಗುಣಿತದ ಬೇರೆ ಪದಗಳು

ನದೀಮುಖದಲ್ಲಿ ಉಬ್ಬರದಿಂದೇಳುವ ಎತ್ತರದ ಅಲೆಗೂ ಇಂಗ್ಲಿಷಿನಲ್ಲಿ 'ಬೋರ್' ಎಂದೇ ಹೆಸರು. 'ಹೊರು' ಎಂಬರ್ಥದ 'ಬೇರ್' ಕ್ರಿಯಾಪದದ ಭೂತಕಾಲದ ರೂಪವೂ 'ಬೋರ್'. ಇವೆರಡಕ್ಕೂ ರಂಧ್ರಾರ್ಥದ ಈ ಪದಕ್ಕೂ ಅರ್ಥಸಂಬಂಧವಿಲ್ಲ.